ಬೇಡ ಎನ್ನುವವನೊಬ್ಬ ಬೇಕಾಗಿದ್ದಾನೆ

ಸಾಗರ
ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಫೋನಿನಲ್ಲಿ ನೀನೊಂದು ಪ್ರಶ್ನೆ ಕೇಳಿದ್ದೆ. "ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ ಬಿಟ್‌ಕಾಯಿನ್ ಯಾಕಯ್ಯಾ?" ಎಂದು. ಕೇಳಿ ನೀನೇ ಜೋರಾಗಿ ನಕ್ಕೆ. ನಾನೂ ನಕ್ಕೆ. ಮಗಳ ಮದುವೆಯ ಕರಡು ತಿದ್ದುತ್ತಾ ಗಿರಾಕಿಯೊಬ್ಬರು ಎದುರಿಗೇ ಕೂತಿದ್ದರು, ಮಾತು ಅಷ್ಟಕ್ಕೇ ನಿಂತಿತು. ಆದರೆ ಆ ಪ್ರಶ್ನೆ ಪ್ರೆಸ್ಸಿನ ಮಸಿಯ ಹಾಗೆ. ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯಲ್ಲಿ ಉಳಿದುಕೊಂಡಿದೆ. ಅದಕ್ಕೇ ಈ ಪತ್ರ. ನಾಲ್ಕು ಜನ ಓದುವ ಕಡೆಯೇ ಹಾಕುತ್ತಿದ್ದೇನೆ. ಇದರಲ್ಲಿ ನಿನಗೊಂದು ಕೋರಿಕೆಯಿದೆ. ನಾಲ್ವರ ಮುಂದೆ ಕೇಳಿದರೆ ಇಲ್ಲ ಎನ್ನಲು ನಿನಗೆ ಸ್ವಲ್ಪವಾದರೂ ದಾಕ್ಷಿಣ್ಯವಾದೀತು ಎಂಬ ದುರಾಸೆ.

ಕೋರಿಕೆ ಇಷ್ಟೆ: ನನ್ನ ಜೊತೆ ಈ ಕ್ರಿಪ್ಟೋ ವಿದ್ಯೆಯನ್ನು, ಅಂದರೆ ಬಿಟ್‌ಕಾಯಿನ್‌ನಂಥ ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ನಾಣ್ಯಗಳ ವಿದ್ಯೆಯನ್ನು ಕಲಿಯಬೇಕು. ದುಡ್ಡು ಹಾಕು ಎನ್ನುತ್ತಿಲ್ಲ, ಒಂದು ರೂಪಾಯಿ ಹಾಕದಿದ್ದರೂ ನಡೆಯುತ್ತದೆ. ನನಗೆ ಬೇಕಿರುವುದು ಪಾಲುದಾರನಲ್ಲ, ಸಹಪಾಠಿ. ನೀನೇ ಯಾಕೆ ಎಂದು ಹೇಳಬೇಕಾದರೆ ವೆನಿಲ್ಲಾದಿಂದ ಶುರು ಮಾಡಬೇಕಾಗುತ್ತದೆ.

ಗದಗಿನ ಬಯಲಿನಲ್ಲಿ ನಿಮಗೆ ಅದರ ಬಿಸಿ ತಟ್ಟಿರಲಿಕ್ಕಿಲ್ಲ. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲ್ಲಾದ ಬಹುಪಾಲು ಬೆಳೆಯುವುದು ಅಲ್ಲಿ. ಅಲ್ಲಿ ಬಳ್ಳಿ ನೆಲಕಚ್ಚಿದ್ದೇ ತಡ, ಇಲ್ಲಿ ಘಟ್ಟದ ಮೇಲೆಯೂ ಕೆಳಗೂ ಎಲ್ಲರ ಬಾಯಲ್ಲಿ ಅದೇ ಹೆಸರು. ಅಡಿಕೆ ಧಾರಣೆ ಕುಸಿದು ತೋಟದವರು ಕಂಗಾಲಾಗಿದ್ದ ಕಾಲ ಅದು. 2003ರ ಹೊತ್ತಿಗೆ ವೆನಿಲ್ಲಾದ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತು. ರಾತ್ರಿಯಿಡೀ ತೋಟಕ್ಕೆ ಕಾವಲು, ನಾಯಿ, ಟಾರ್ಚು. ಅಂಗಡಿಯಲ್ಲಿ ಬಟ್ಟೆ ಅಳೆದ ಹಾಗೆ ಬಳ್ಳಿಯನ್ನು ಅಳೆದು ಮಾರುತ್ತಿದ್ದರು.

ಅಪ್ಪ ಒಬ್ಬರೇ ಧುಮುಕಲಿಲ್ಲ. ಪಕ್ಕದ ತೋಟದವರು ಜೊತೆಯಾದರು. ವೆನಿಲ್ಲಾ ಹೂವು ಬೆಳಗ್ಗೆ ಅರಳಿ ಅಂದೇ ಬಾಡುತ್ತದೆ. ಅದಕ್ಕೆ ಪರಾಗಸ್ಪರ್ಶ ಮಾಡುವ ಕೀಟ ನಮ್ಮಲ್ಲಿಲ್ಲ. ಸಣ್ಣ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಮನುಷ್ಯನೇ ಮಾಡಬೇಕು. ಆ ಕೈಚಳಕವನ್ನು ಕಲಿಯಲು ಇಬ್ಬರೂ ಬೆಳಗಿನ ಬಸ್ ಹಿಡಿದು ಪರಿಚಯದವರ ತೋಟಕ್ಕೆ ಹೋಗುತ್ತಿದ್ದರು. ಒಬ್ಬರಿಗೆ ಬಂದದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುತ್ತಿದ್ದರು. ಸಂಜೆ ನಮ್ಮ ಜಗಲಿಯಲ್ಲಿ ಕವಳ ಹಾಕುತ್ತಾ ಲೆಕ್ಕ: ಇಷ್ಟು ಬಳ್ಳಿ, ಇಷ್ಟು ಗೊಂಚಲು, ಕಿಲೋಗೆ ಮೂರು ಸಾವಿರ. ಅಪ್ಪ ಒಂದು ಅಂಕಿ ಹೇಳಿದರೆ ಅವರು ಅದರ ಮುಂದೆ ಇನ್ನೊಂದು ಸೊನ್ನೆ ಇಡುತ್ತಿದ್ದರು. ಬಳ್ಳಿ ಫಲ ಬಿಡಲು ಮೂರು ವರ್ಷ ಬೇಕು. ನಮ್ಮ ಬಳ್ಳಿಯಲ್ಲಿ ಕೋಡು ಕಾಣುವ ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಕೊಳ್ಳುವವರು ಕೃತಕ ವೆನಿಲಿನ್‌ಗೆ ಹೊರಳಿದ್ದರು, ಧಾರಣೆ ನೂರರ ಆಸುಪಾಸಿಗೆ ಇಳಿದಿತ್ತು. ಗೆದ್ದವರು ಯಾರು ಬಲ್ಲೆಯಾ? ಮೊದಲೇ ಬಳ್ಳಿ ಮಾರಿ ಕೈ ತೊಳೆದುಕೊಂಡವರು.

ಆಗ ಅಪ್ಪನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ಬೈಯುವುದಿಲ್ಲ. ಅವರಿಗೆ ವಿದ್ಯೆ ಕಡಿಮೆಯಿರಲಿಲ್ಲ, ಬೇಸಾಯವನ್ನು ಶ್ರದ್ಧೆಯಿಂದಲೇ ಕಲಿತಿದ್ದರು. ಜೊತೆಗಾರನೂ ಇದ್ದ. ಆದರೆ ಆ ಜೊತೆಗಾರ ಅಪ್ಪನಷ್ಟೇ ನಂಬಿದವನು. ಒಬ್ಬನಿಗೆ ಅನುಮಾನ ಬಂದ ರಾತ್ರಿ ಇನ್ನೊಬ್ಬ ಧೈರ್ಯ ಹೇಳಿ ಮಲಗಿಸುತ್ತಿದ್ದ. "ಮಡಗಾಸ್ಕರಿನವರು ಮತ್ತೆ ನೆಟ್ಟರೆ?" ಎಂದು ಇಬ್ಬರಲ್ಲಿ ಒಬ್ಬ ಕೇಳಿದ್ದರೂ ಒಂದು ಎಕರೆಯ ಬದಲು ಹತ್ತು ಗುಂಟೆಗೆ ನಿಲ್ಲುತ್ತಿತ್ತು.

ಇಷ್ಟೆಲ್ಲ ಕಣ್ಣಾರೆ ಕಂಡವನು ಹೋದ ವರ್ಷ ಏನು ಮಾಡಿದೆ ಕೇಳು. ಕಲಿಕೆಯ ಗುಂಪು ಎಂದು ಹೆಸರಿಟ್ಟುಕೊಂಡಿದ್ದ ಒಂದು ಮೊಬೈಲ್ ಗುಂಪಿಗೆ ಸೇರಿದೆ. ಬೆಳಗಾದರೆ ಶುಭೋದಯ, ಅದರ ಹಿಂದೆಯೇ ಯಾರದೋ ಲಾಭದ ಚಿತ್ರ. ಅಲ್ಲಿ ಸೋತವನೊಬ್ಬನೂ ಇರಲಿಲ್ಲ. ಅದೇ ವಿಚಿತ್ರ ಎಂದು ನನಗೆ ಹೊಳೆಯಬೇಕಿತ್ತು. ಜೂಜುಕಟ್ಟೆಯಲ್ಲಿ ಕೂಡ ನಾಲ್ಕು ಜನ ಸೋತವರು ಮೂಲೆಯಲ್ಲಿ ಬೀಡಿ ಸೇದುತ್ತಿರುತ್ತಾರೆ. ಒಂದು ರಾತ್ರಿ ಒಂಬತ್ತಕ್ಕೆ ಸರಿಯಾಗಿ ಹೆಸರೇ ಕೇಳದ ಒಂದು ನಾಣ್ಯವನ್ನು ಎಲ್ಲರೂ ಒಟ್ಟಿಗೆ ಕೊಳ್ಳಬೇಕೆಂದು ಅಪ್ಪಣೆಯಾಯಿತು. 9 ಗಂಟೆ 2 ನಿಮಿಷಕ್ಕೆ ನಾನು ಹದಿನೆಂಟು ಸಾವಿರಕ್ಕೆ ಕೊಂಡೆ. 9 ಗಂಟೆ 6 ನಿಮಿಷಕ್ಕೆ ಅದು ಬಿದ್ದಿತು. ಗುಂಪು ನಡೆಸುವವರು ಮುಂಚೆಯೇ ಕೊಂಡಿಟ್ಟುಕೊಂಡು ನಮಗೆ ಮಾರಿದ್ದರು. ಬಳ್ಳಿ ಮಾರುವವರೇ. ಹೆಸರು ಬೇರೆ, ಅಷ್ಟೆ.

ಅದಕ್ಕಿಂತ ನೋವಾದದ್ದು ತೆರಿಗೆ ಲೆಕ್ಕ. ಅದೇ ವರ್ಷ ಸ್ವಲ್ಪ ಬಿಟ್‌ಕಾಯಿನನ್ನು ಇಪ್ಪತ್ತೊಂದು ಸಾವಿರಕ್ಕೆ ಕೊಂಡು ಮೂವತ್ತು ಸಾವಿರಕ್ಕೆ ಮಾರಿದ್ದೆ. ಒಂಬತ್ತು ಸಾವಿರ ಲಾಭ. ಆ ಕಡೆ ಹದಿನೆಂಟು ಸಾವಿರ ನಷ್ಟ. ಒಟ್ಟಿನಲ್ಲಿ ನಷ್ಟವೇ ಆಗಿರುವಾಗ ತೆರಿಗೆ ಎಲ್ಲಿಂದ ಎಂದು ನಿಶ್ಚಿಂತನಾಗಿದ್ದೆ. ಲೆಕ್ಕಪತ್ರ ನೋಡುವವರು ತಲೆ ಅಲ್ಲಾಡಿಸಿದರು. 2022ರ ಏಪ್ರಿಲ್‌ನಿಂದ ಇಂಥ ಲಾಭಕ್ಕೆ ಶೇಕಡ 30 ತೆರಿಗೆ, ಅದರ ಮೇಲೆ ಶೇಕಡ 4 ಸೆಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ತೋರಿಸುವ ಹಾಗಿಲ್ಲ. ಒಂಬತ್ತು ಸಾವಿರಕ್ಕೆ 2,700, ಸೆಸ್ 108, ಒಟ್ಟು 2,808 ರೂಪಾಯಿ. ಮಾರುವಾಗ ತೆರಿಗೆಗೆಂದು ಶೇಕಡ 1ರಂತೆ ಮುರಿದುಕೊಂಡಿದ್ದ 300 ರೂಪಾಯಿ ಅದರಲ್ಲಿ ವಜಾ ಆಯಿತು, ಪುಣ್ಯಕ್ಕೆ. ಒಂಬತ್ತು ಸಾವಿರ ಕಳೆದುಕೊಂಡದ್ದಕ್ಕೆ ಎರಡೂವರೆ ಸಾವಿರ ದಕ್ಷಿಣೆ ಕಟ್ಟಿ ಬಂದೆ. ಗುಂಪಿನಲ್ಲಿದ್ದ ಅಷ್ಟು ಜನ ಪಂಡಿತರಲ್ಲಿ ಒಬ್ಬರೂ ಈ ಮಾತನ್ನು ಎತ್ತಿರಲಿಲ್ಲ. (ತೆರಿಗೆ ಹಾಕಿದ್ದಾರೆಂದರೆ ಸರ್ಕಾರ ಒಪ್ಪಿಕೊಂಡಿದೆ ಎಂದು ವಾದಿಸುವವರೂ ಅಲ್ಲಿದ್ದರು. ಹಾಗೇನಿಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹಾಕಿದ್ದ ತಡೆಯನ್ನು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು ನಿಜ. ಆದರೆ ಇದು ರೂಪಾಯಿಯಂತೆ ಚಲಾವಣೆಯ ಹಣವಲ್ಲ.)

ಗುಂಪು ಬಿಟ್ಟ ಮೇಲೆ ಒಬ್ಬ ಹುಡುಗ ಸಿಕ್ಕಿದ. ಬೆಂಗಳೂರಿನಲ್ಲಿ ಕೆಲಸ, ನಮ್ಮ ನೆಂಟರ ಪೈಕಿ, ಬುದ್ಧಿವಂತ. ಬ್ಲಾಕ್ ಎಂದರೆ ಏನು ಎಂದು ಕೇಳಿದೆ. "ಅದೆಲ್ಲ ಯಾಕೆ, ಬೆಲೆ ಏರಿಳಿಯುವ ಗೆರೆ ನೋಡಿ" ಎಂದ. ಸಾಲ ಸೇರಿಸಿ ಹಾಕಿದ ದುಡ್ಡಿನ ಇಪ್ಪತ್ತು ಪಟ್ಟಿನ ವ್ಯಾಪಾರ ಮಾಡುತ್ತಿದ್ದ. ಅಂದರೆ ಬೆಲೆ ನೂರಕ್ಕೆ ಐದು ಇಳಿದರೆ ಹಾಕಿದ ದುಡ್ಡು ಪೂರ್ತಿ ಮಾಯ. ನೂರಕ್ಕೆ ಐದು ಎಂಬುದು ಈ ಸಂತೆಯಲ್ಲಿ ಮಧ್ಯಾಹ್ನದ ಊಟ ಮುಗಿಸುವಷ್ಟರಲ್ಲಿ ಇಳಿಯಬಹುದು. ನಮಸ್ಕಾರ ಹೇಳಿ ಬಂದೆ.

ಮೂರನೆಯವರನ್ನು ನಾನು ಹುಡುಕಲಿಲ್ಲ, ಅವರೇ ಬಂದರು. ನನ್ನ ಬಳಿಗಲ್ಲ, ನಮ್ಮ ಗಿರಾಕಿಯೊಬ್ಬರ ಬಳಿಗೆ. ತಪ್ಪು ಸಂಖ್ಯೆಗೆ ಬಂದ ಹಾಗಿದ್ದ ಒಂದು ಸಂದೇಶ, ಅದಕ್ಕೊಂದು ಕ್ಷಮಾಪಣೆ, ಕುಶಲಪ್ರಶ್ನೆ, ತಿಂಗಳ ಸ್ನೇಹ. ಆಮೇಲೆ "ನಾನು ಕಲಿಸುತ್ತೇನೆ, ಜೊತೆಯಾಗಿ ಮಾಡೋಣ." ದಿನಕ್ಕೆ ಶೇಕಡ 1 ಲಾಭವಂತೆ. ಮೊದಲು ಎರಡು ಸಾವಿರ ವಾಪಸ್ಸೂ ಬಂತು, ನಂಬಿಕೆ ಕುದುರಲೆಂದು. ದೊಡ್ಡ ಮೊತ್ತ ಹಾಕಿದ ಮೇಲೆ ತೆಗೆಯಲು ಹೋದರೆ ಮೊದಲು ತೆರಿಗೆ ಕಟ್ಟಿ ಎಂಬ ಬೇಡಿಕೆ. ಆ ಗಿರಾಕಿ ಮಗನ ಉಪನಯನದ ಪತ್ರಿಕೆ ಒಯ್ಯಲು ಬಂದವರು ನನ್ನ ಮುಂದೆ ಕಣ್ಣೀರು ಹಾಕಿದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆ, ತಡವಾಗಿತ್ತು. ಆ ರಾತ್ರಿ ಕೂತು ಲೆಕ್ಕ ಹಾಕಿದೆ: ದಿನಕ್ಕೆ ಶೇಕಡ 1, ಚಕ್ರಬಡ್ಡಿಯಲ್ಲಿ, ಸಾವಿರ ರೂಪಾಯಿ ವರ್ಷದ ಕೊನೆಗೆ 37 ಸಾವಿರ ದಾಟುತ್ತದೆ. ಲೆಕ್ಕ ಮುಗಿಸಿದಾಗ ನೀನು ನೆನಪಾದೆ.

ಶಿವಮೊಗ್ಗದ ಹಾಸ್ಟೆಲಿನ ಆ ಸಂಜೆ ನಿನಗೆ ನೆನಪಿದೆಯೋ ಇಲ್ಲವೋ. ಹುಡುಗರೆಲ್ಲ ಒಂದು ಸರಪಳಿ ಯೋಜನೆಗೆ ಬಿದ್ದಿದ್ದರು. ಒಬ್ಬ ಆರು ಜನರನ್ನು ಸೇರಿಸಬೇಕು, ಆ ಆರರಲ್ಲಿ ಪ್ರತಿಯೊಬ್ಬನೂ ಮತ್ತೆ ಆರು ಜನರನ್ನು. ನಾನೂ ಮನೆಯಿಂದ ಬಂದ ಮನಿಯಾರ್ಡರಿನಲ್ಲಿ ಪಾಲು ತೆಗೆದಿಟ್ಟಿದ್ದೆ. ನೀನು ಸೀಮೆಸುಣ್ಣ ತೆಗೆದುಕೊಂಡು ಊಟದ ಹಾಲಿನ ಗೋಡೆಯ ಮೇಲೆಯೇ ಆರರ ಮಗ್ಗಿ ಹತ್ತುತ್ತಾ ಹೋದೆ. ಹದಿಮೂರನೆಯ ಮೆಟ್ಟಿಲಿಗೆ 1,306 ಕೋಟಿ ಜನ ಬೇಕಾಯಿತು. "ಭೂಮಿಯ ಮೇಲೆ ಅಷ್ಟು ಜನ ಇಲ್ಲ, ಉಳಿದವರನ್ನು ಎಲ್ಲಿಂದ ತರುತ್ತೀರಿ?" ಎಂದು ಕೇಳಿ, ಕೈ ತೊಳೆದು, ಅನ್ನ ಬಡಿಸಿಕೊಂಡೆ. ಎಲ್ಲರಿಗೂ ನಿನ್ನ ಮೇಲೆ ಸಿಟ್ಟು ಬಂತು. ನನಗೂ ಬಂತು. ವಾರ್ಡನ್ ಗೋಡೆ ಗಲೀಜು ಮಾಡಿದ್ದಕ್ಕೆ ದಂಡ ಹಾಕಿದರು, ಅದನ್ನು ಮಾತ್ರ ನಾವು ಐದು ಜನ ಸೇರಿ ಕಟ್ಟಿದೆವು.

ಆ ಸಿಟ್ಟು ನನಗೆ ಮತ್ತೆ ಬೇಕಾಗಿದೆ ಗೆಳೆಯಾ.

ಇನ್ನು ನಿನ್ನ ಪ್ರಶ್ನೆ, ಯಾಕೆ ಎಂಬುದು. ಆಸೆಯಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಲಗ್ನಪತ್ರಿಕೆಗಳು ಈಗ ಮೊಬೈಲಿನಲ್ಲೇ ಹೋಗುತ್ತವೆ. ಐನೂರು ಹಾಕಿಸುತ್ತಿದ್ದವರು ದೇವರ ಮುಂದಿಡಲು, ಹಿರಿಯರಿಗೆ ಕೊಡಲು ಎಂದು ನೂರಕ್ಕೆ ಇಳಿದಿದ್ದಾರೆ. ಕಂಪ್ಯೂಟರ್ ಅಕ್ಷರಜೋಡಣೆ ಬಂದಾಗ ಮಾವ ಅಚ್ಚುಮೊಳೆಯೇ ಸಾಕು ಎಂದು ಐದು ವರ್ಷ ಹಟ ಹಿಡಿದಿದ್ದರು, ಆ ಐದು ವರ್ಷ ನಮ್ಮ ಪ್ರೆಸ್ಸಿಗೆ ದುಬಾರಿಯಾಯಿತು. ಹಾಗಾಗಿ ಹೊಸದು ಕಂಡರೆ ಕಾಲು ತನ್ನಷ್ಟಕ್ಕೆ ಅತ್ತ ಹೊರಡುತ್ತದೆ. ಆದರೆ ದುಡ್ಡು ಕಳೆದುಕೊಂಡ ಮೇಲೂ ಬಿಡಲಾಗದಂತೆ ಹಿಡಿದುಕೊಂಡದ್ದು ಆಸೆಯಲ್ಲ.

ಬ್ಲಾಕ್ ಎಂದರೆ ಯಾರಿಂದ ಯಾರಿಗೆ ಎಷ್ಟು ನಾಣ್ಯ ಹೋಯಿತೆಂದು ಬರೆದಿಡುವ ಲೆಕ್ಕಪುಸ್ತಕದ ಒಂದು ಹಾಳೆ ಇದ್ದ ಹಾಗೆ. ಬಿಟ್‌ಕಾಯಿನ್ನಿನ ಮೊಟ್ಟಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ರಂದು. ಅದರೊಳಗೆ ಏನು ಬರೆದಿದೆ ಗೊತ್ತೇ? ಅಂದಿನ ಲಂಡನ್ ಪತ್ರಿಕೆಯ ಒಂದು ತಲೆಬರಹ, ಬ್ಯಾಂಕುಗಳಿಗೆ ಸರ್ಕಾರ ಎರಡನೆಯ ಸಲ ನೆರವು ನೀಡುವ ಅಂಚಿನಲ್ಲಿದೆ ಎಂಬುದು. ಇದನ್ನು ಕಟ್ಟಿದ ಸತೋಶಿ ನಕಾಮೊಟೊ ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಆದರೆ ಅಚ್ಚಾದ ಪತ್ರಿಕೆಯೊಂದನ್ನು ಸಾಕ್ಷಿಗೆ ಕೂರಿಸಿ ಹೋಗಿದ್ದಾನೆ. ಮುದ್ರಣದವನಾದ ನನಗೆ ಅಲ್ಲೇ ಕಾಲು ಕಟ್ಟಿಹಾಕಿದಂತಾಯಿತು.

ಆಮೇಲೆ ಎಸ್‌ಎಚ್‌ಎ-256 ಎಂಬ ಲೆಕ್ಕ. ಏನನ್ನೇ ಕೊಡು, ಒಂದಕ್ಷರವನ್ನೋ ಇಡೀ ಪಂಚಾಂಗವನ್ನೋ, ಅದು ಯಾವಾಗಲೂ 64 ಅಕ್ಷರ-ಅಂಕಿಗಳ ಒಂದು ಸಾಲನ್ನು ವಾಪಸ್ಸು ಕೊಡುತ್ತದೆ. ಒಂದು ಲಗ್ನಪತ್ರಿಕೆಯ ಪೂರ್ತಿ ಪಠ್ಯವನ್ನು ಅದಕ್ಕೆ ಕೊಟ್ಟು ನೋಡಿದೆ. ಬಳಿಕ ವರನ ಊರಿನ ಹೆಸರಿನಲ್ಲಿ ಒಂದೇ ಒಂದು ಒತ್ತಕ್ಷರ ತೆಗೆದೆ. ಸಾಲು ಆಮೂಲಾಗ್ರ ಬೇರೆ. ಕರಡು ತಿದ್ದುವವನ ಕನಸು ಇದು! ಪ್ರತಿ ಬ್ಲಾಕಿನಲ್ಲೂ ಹಿಂದಿನ ಬ್ಲಾಕಿನ ಇಂಥ ಸಾಲು ಕೂತಿರುತ್ತದೆ. ಹಳೆಯದರಲ್ಲಿ ಯಾರಾದರೂ ಒಂದು ಸೊನ್ನೆ ತಿದ್ದಿದರೆ ಮುಂದಿನದೆಲ್ಲ ಹೊಂದದೆ ಕೂಗಿ ಹೇಳುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್. ಕಟ್ಟಿದವರಿಗೆ ಮೊದಲು 50 ಹೊಸ ನಾಣ್ಯ ಸಿಗುತ್ತಿತ್ತು, 2,10,000 ಬ್ಲಾಕಿಗೊಮ್ಮೆ ಅರ್ಧವಾಗುತ್ತಾ 2024ರ ಏಪ್ರಿಲ್‌ನಿಂದ 3.125ಕ್ಕೆ ಬಂದಿದೆ. ಎಷ್ಟು ಕಾಲ ಹೋದರೂ ಒಟ್ಟು 2.1 ಕೋಟಿ ದಾಟುವುದಿಲ್ಲ. ಯಾಕೆ ದಾಟುವುದಿಲ್ಲ ಎಂಬುದು ಲೆಕ್ಕದ ಮೇಷ್ಟ್ರಾದ ನಿನಗೆ ಗುಣೋತ್ತರ ಶ್ರೇಢಿಯ ಪಾಠ, ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತಾ ಹೋಗುವ ಸಂಖ್ಯೆಗಳ ಮೊತ್ತ. ನಾನು ಅದನ್ನು ಮೂರು ರಾತ್ರಿ ಹೆಣಗಿ ಅರ್ಥ ಮಾಡಿಕೊಂಡೆ, ನೀನು ಮೂರು ನಿಮಿಷದಲ್ಲಿ ಹೇಳುತ್ತಿದ್ದೆ.

ಇದೆಲ್ಲ ಎಷ್ಟು ಚೆಂದವಾಗಿದ್ದರೂ ಬೆಲೆ ಬೇರೆಯೇ ಪ್ರಾಣಿ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ 69 ಸಾವಿರ ಡಾಲರ್ ಮುಟ್ಟಿತ್ತು, ಒಂದೇ ವರ್ಷದಲ್ಲಿ 16 ಸಾವಿರದ ಹತ್ತಿರ ಇತ್ತು. ಲೆಕ್ಕದ ಚೆಲುವಿಗೆ ಮರುಳಾಗಿ ಬೆಲೆಯನ್ನೂ ನಂಬಿಬಿಡುವ ಜಾತಿಯವನು ನಾನು. ಅಪ್ಪನ ಮಗ ತಾನೇ.

ಆದ್ದರಿಂದ ಕೆಲವು ಕರಾರುಗಳನ್ನು ನಾನೇ ಬರೆದಿದ್ದೇನೆ, ನೀನು ತಿದ್ದು. ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಒಂದು ಗಂಟೆ ಫೋನು. ಒಂದು ವಾರ ನಾನು ಪಾಠ ಹೇಳಬೇಕು, ಮುಂದಿನ ವಾರ ನೀನು. ಹೇಳಲು ಬಾರದ್ದನ್ನು ಕೊಳ್ಳುವ ಹಾಗಿಲ್ಲ. ದುಡ್ಡು ನಿನ್ನದು ನಿನ್ನ ಬಳಿ, ನನ್ನದು ನನ್ನ ಬಳಿ. ಒಂದು ಪೈಸೆಯೂ ಒಟ್ಟುಗೂಡಬಾರದು. ಮೂವತ್ತು ವರ್ಷದ ಸ್ನೇಹವನ್ನು ಕೂಡುಖಾತೆಯಲ್ಲಿಡುವಷ್ಟು ಧೈರ್ಯ ನನಗಿಲ್ಲ. ಏನನ್ನಾದರೂ ಕೊಳ್ಳಬೇಕೆನಿಸಿದರೆ ಯಾಕೆಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದು ನಿನಗೆ ಕಳಿಸುತ್ತೇನೆ, ಎರಡು ದಿನ ಕಾಯುತ್ತೇನೆ. ನೀನು ಬೇಡ ಎಂದರೂ ಕೊಳ್ಳುವ ಹಕ್ಕು ನನಗಿದೆ, ಆದರೆ ನಿನ್ನ ಬೇಡ ಎಂಬ ಚೀಟಿ ಪ್ರೆಸ್ಸಿನ ಗೋಡೆಯ ಮೇಲೆ ಕ್ಯಾಲೆಂಡರಿನ ಪಕ್ಕ ತೂಗುತ್ತಿರಬೇಕು.

ಮೊದಲ ಕೆಲಸ ಐನೂರು ರೂಪಾಯಿಯ ಪ್ರದಕ್ಷಿಣೆ. ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡಿರುವ ವಿನಿಮಯ ಕೇಂದ್ರದಲ್ಲಿ ಐನೂರು ಹಾಕುವುದು, ನಾಣ್ಯ ಕೊಳ್ಳುವುದು, ಅದನ್ನು ನಮ್ಮದೇ ವಾಲೆಟ್ಟಿಗೆ, ಅಂದರೆ ಬೀಗದ ಕೈ ನಮ್ಮಲ್ಲೇ ಇರುವ ನಾಣ್ಯದ ಚೀಲಕ್ಕೆ ತರುವುದು, ಮತ್ತೆ ಅಲ್ಲಿಗೆ ಕಳಿಸಿ ಮಾರಿ ಬ್ಯಾಂಕಿಗೆ ತರುವುದು. ದಾರಿಯಲ್ಲಿ ಎಷ್ಟು ಸವೆಯಿತು ಎಂದು ಬರೆದಿಡುವುದು ನಿನ್ನ ಕೆಲಸ. ಬೆಲೆಯಿಲ್ಲದ ನಾಣ್ಯಗಳ ಅಭ್ಯಾಸದ ಜಾಲವೂ ಇದೆ, ಕೈ ಪಳಗುವವರೆಗೆ ಅಲ್ಲೇ ಆಡೋಣ. ವಿಳಾಸ ತಪ್ಪಿದರೆ ವಾಪಸ್ಸು ಕೇಳಲು ಇಲ್ಲಿ ಮ್ಯಾನೇಜರ್ ಇಲ್ಲ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆಯನ್ನು ಯಂತ್ರಕ್ಕೆ ಕಲಿಸಿದಂತಿದೆ. ಹಾಗೆಂದು ಎಲ್ಲವನ್ನೂ ವಿನಿಮಯ ಕೇಂದ್ರದಲ್ಲೇ ಬಿಡುವುದೂ ಸರಿಯಲ್ಲ. 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಂಬ ವಿನಿಮಯ ಕೇಂದ್ರ ಮುಳುಗಿದಾಗ ಕಾಣೆಯಾದದ್ದು ಎಂಟೂವರೆ ಲಕ್ಷ ಬಿಟ್‌ಕಾಯಿನ್. ಎರಡು ಲಕ್ಷದಷ್ಟು ಆಮೇಲೆ ಸಿಕ್ಕಿತು, ಗಿರಾಕಿಗಳು ಹತ್ತು ವರ್ಷ ಕಾದರು.

ನಮ್ಮದೇ ವಾಲೆಟ್ ಎಂದರೆ 12 ಇಂಗ್ಲಿಷ್ ಪದಗಳು. 2,048 ಪದಗಳ ಒಂದು ಪಟ್ಟಿಯಿಂದ ಯಂತ್ರ ಆರಿಸಿಕೊಡುತ್ತದೆ. ಜಪಾನಿ, ಕೊರಿಯನ್, ಇಟಾಲಿಯನ್ ಪಟ್ಟಿಗಳೂ ಇವೆ, ಕನ್ನಡದ್ದಿಲ್ಲ. ಮುಂದೆಂದಾದರೂ ನಾವಿಬ್ಬರೂ ಸೇರಿ ಒಂದು ಮಾಡಬಹುದು. ಆ ಪದಗಳು ಯಾರ ಕೈಯಲ್ಲಿವೆಯೋ ದುಡ್ಡು ಅವರದು. ಹಾಗಾಗಿ ನನ್ನವನ್ನು ನಿನಗೂ ಹೇಳುವುದಿಲ್ಲ, ನಿನ್ನವನ್ನು ನಾನು ಕೇಳುವುದಿಲ್ಲ. ಕೇಳಿದೆನಾದರೆ ಅದು ನಾನಲ್ಲ, ನನ್ನ ಫೋನು ಕದ್ದವನು ಎಂದು ತಿಳಿ. ಕಾಗದದ ಮೇಲಿನ ಶಾಯಿ ನಮ್ಮ ಮಳೆಗಾಲಕ್ಕೆ ಎಷ್ಟು ಬಾಳುತ್ತದೆ ಎಂದು ನನಗೆ ಗೊತ್ತು. ಮಾವನ ಕಾಲದ ಇಂಗ್ಲಿಷ್ ಅಚ್ಚುಮೊಳೆಗಳು ಅಟ್ಟದ ಮೇಲಿವೆ. ಅವುಗಳಿಂದ ತಗಡಿನ ಮೇಲೆ ಒತ್ತಲು ಆಗುತ್ತದೆಯೇ ಎಂದು ನೋಡುತ್ತಿದ್ದೇನೆ. ಸೀಸದ ಮೊಳೆ, ತಗಡು ಗಟ್ಟಿ. ಇಲ್ಲಿಯವರೆಗೆ ಮೊಳೆಯೇ ಸೋತಿದೆ.

ಈಗ ನಿನಗೊಂದು ಮನೆಗೆಲಸ. ಅಭ್ಯಾಸದ ವಾಲೆಟ್ಟಿಗೆ ಯಂತ್ರ ಯಾಕೆ ಆರಿಸಬೇಕು, ನಾನೇ ಆರಿಸುತ್ತೇನೆ ಎಂದು ಪಟ್ಟಿಯಿಂದ ನನಗೆ ಇಷ್ಟವಾದ 12 ಪದಗಳನ್ನು ಹಾಕಿದೆ. ವಾಲೆಟ್ ಒಪ್ಪಲಿಲ್ಲ. ಕೊನೆಯ ಪದವೊಂದನ್ನೇ ಬದಲಿಸುತ್ತಾ ಹೋದೆ. ಒಪ್ಪಿತು, ಒಪ್ಪಲಿಲ್ಲ, ಒಪ್ಪಲಿಲ್ಲ. ಮೊದಲ 11 ಪದಗಳನ್ನು ಹಾಗೆಯೇ ಇಟ್ಟರೆ 12ನೆಯ ಸ್ಥಾನಕ್ಕೆ 2,048ರಲ್ಲಿ 128 ಪದಗಳು ಮಾತ್ರ ಸಲ್ಲುತ್ತವೆಯಂತೆ. 128 ಯಾಕೆ, ನೂರಲ್ಲ, ಇನ್ನೂರಲ್ಲ? ನನಗೆ ಉತ್ತರ ಸಿಕ್ಕಿದೆ, ಹೇಳುವುದಿಲ್ಲ. ಮುಂದಿನ ಭಾನುವಾರ ಎಂಟಕ್ಕೆ ಫೋನು ಮಾಡುತ್ತೇನೆ, ಸೀಮೆಸುಣ್ಣ ಹತ್ತಿರವಿಟ್ಟುಕೊ.

ನಿನ್ನ ಹಾಸ್ಟೆಲ್ ಕೋಣೆಯವ